ಯುವ ಸದಸ್ಯೆಯ ಕುರ್ಚಿ

ಚೋಮಾ, ಜಾಂಬಿಯಾ
೧೪ ಜನವರಿ ೨೦೨೪

ಗಂಗಾ,

ಇದನ್ನು ವಾಟ್ಸಾಪಿನಲ್ಲಿ ಬರೆಯುವುದಿಲ್ಲ. ಅಲ್ಲಿ ನಾನು ಏನೇ ಬರೆದರೂ ನೀನು ಕೈಮುಗಿದ ಚಿತ್ರವೊಂದನ್ನು ಹಾಕಿ ಮುಗಿಸಿಬಿಡುತ್ತೀಯ. ಕೈಮುಗಿದವರ ಜೊತೆ ಜಗಳ ಆಡಲಾಗುವುದಿಲ್ಲ. ಆದ್ದರಿಂದ ಈಮೇಲ್, ಪೂರ್ತಿ ವಾಕ್ಯಗಳಲ್ಲಿ. ನೀನೂ ಹಾಗೇ ಉತ್ತರ ಬರೆ. ಫೌಂಡೇಶನ್ನಿನ ಕಾರ್ಯದರ್ಶಿಗೆ ಬಂದ ಪತ್ರ ಅಂದುಕೊಂಡರೂ ಸರಿ, ಕಾಕಾನ ಮಗಳಿಗೆ ಅಕ್ಕ ಬರೆದದ್ದು ಅಂದುಕೊಂಡರೂ ಸರಿ.

ನಿಮ್ಮ ಆಡಳಿತ ಮಂಡಳಿ ಡಿಸೆಂಬರಿನಲ್ಲಿ ಹೊಸ ನಿಯಮ ಪಾಸು ಮಾಡಿದ್ದು ಕೇಳಿ ಸಂತೋಷವಾಯಿತು. ಹದಿನಾರರಿಂದ ಇಪ್ಪತ್ತನಾಲ್ಕು ವಯಸ್ಸಿನ ಒಬ್ಬರಿಗೆ ಮಂಡಳಿಯಲ್ಲಿ ಕುರ್ಚಿ, ಮತ ಹಾಕುವ ಹಕ್ಕಿನ ಸಮೇತ. ಇಷ್ಟಕ್ಕೆ ನಾನು ಆರು ವರ್ಷ ನಿಮ್ಮ ತಲೆ ತಿನ್ನಬೇಕಾಯಿತು. ಈ ಊರಿನ ಇನ್ನೂರು ಮಕ್ಕಳ ಓದಿನ ಬಗ್ಗೆ ಹನ್ನೊಂದು ವರ್ಷದಿಂದ ನೀವು ಏಳು ಜನ ತೀರ್ಮಾನ ಮಾಡುತ್ತಿದ್ದೀರಿ. ರೆಸ್ಟನ್ನಿನಲ್ಲಿ ಅಧ್ಯಕ್ಷ ತ್ಯಾಗರಾಜ, ಗೈದರ್ಸ್‌ಬರ್ಗಿನಲ್ಲಿ ನೀನು, ಅಟ್ಲಾಂಟಾದಲ್ಲಿ ಪ್ರತಾಪ್, ಶಾರ್ಲೆಟ್ಟಿನಲ್ಲಿ ಶ್ರೀಲತಾ, ಉಳಿದ ಮೂವರೂ ಅಮೆರಿಕದಲ್ಲೇ ಅಲ್ಲಿ ಇಲ್ಲಿ. ಚೋಮಾದವರು ಒಬ್ಬರೂ ಇಲ್ಲ. ಕೇಂದ್ರ ನಡೆಸುವ ನನಗೂ ಮತ ಇಲ್ಲ. ಹತ್ತು ನಿಮಿಷ ವರದಿ ಓದಿ ಜೂಮಿನಿಂದ ಎದ್ದು ಹೋಗಬೇಕು. ಅದರ ಫಲ ನೋಡು: ಕಳೆದ ಜೂನಿನಲ್ಲಿ ಇಲ್ಲಿ ಹಲ್ಲು ಕಟಕಟ ಅನ್ನುವ ಚಳಿ ಇದ್ದಾಗ ‘ಸಮ್ಮರ್ ಪ್ರೋಗ್ರಾಂ’ ಅಂತ ಇನ್ನೂರು ತೋಳಿಲ್ಲದ ಬನಿಯನ್ನು ಕಳಿಸಿದಿರಿ. ಭೂಮಿಯ ಈ ಅರ್ಧದಲ್ಲಿ ಜೂನ್ ಅಂದರೆ ಚಳಿಗಾಲ ಅಂತ ಏಳರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ಎಲ್ಲರೂ ಎಂಜಿನಿಯರುಗಳು.

ಇರಲಿ. ಮುತಿಂತಾ ಹಮೂಂಗಾಳ ಅರ್ಜಿ ಇದರ ಜೊತೆ ಇದೆ. ನಮ್ಮ ಕೇಂದ್ರದಲ್ಲೇ ಓದಿ, ಈಗ ಇಲ್ಲೇ ಹನ್ನೆರಡನೇ ತರಗತಿಗೆ ಗಣಿತ ಕಲಿಸುತ್ತಾಳೆ. ಇಪ್ಪತ್ಮೂರು ವಯಸ್ಸು. ಎರಡೇ ಪುಟ, ಪೂರ್ತಿ ಓದು. ಅವಳ ಹಳ್ಳಿಯ ಶಾಲೆಯಲ್ಲಿ ಮರಕ್ಕೆ ಲಾರಿ ಚಕ್ರದ ರಿಮ್ ತೂಗುಹಾಕಿದ್ದರು, ಅದೇ ಗಂಟೆ. ಸಮವಸ್ತ್ರ ಇಲ್ಲದ್ದಕ್ಕೆ ಇವಳನ್ನು ಒಳಗೆ ಬಿಡುತ್ತಿರಲಿಲ್ಲ. ಗಂಟೆ ಬಾರಿಸುವ ಕೆಲಸ ಮಾಡಿದರೆ ಬಾಗಿಲ ಹತ್ತಿರ ಕೂತು ಪಾಠ ಕೇಳಬಹುದು ಅಂತ ಹೆಡ್‌ಮಾಸ್ತರ ಒಪ್ಪಂದ. ಎರಡು ವರ್ಷ ಬಾರಿಸಿದಳು. ‘ಎಲ್ಲರನ್ನೂ ಒಳಗೆ ಕರೆಯುವವಳು ತಾನು ಹೊರಗೇ ಉಳಿಯಬಹುದು ಎಂದು ನನಗೆ ಹನ್ನೊಂದನೇ ವಯಸ್ಸಿನಲ್ಲೇ ತಿಳಿಯಿತು’ ಅಂತ ಬರೆದಿದ್ದಾಳೆ. ಅಲ್ಲಿ ಕರೆಂಟಿನ ಗಂಟೆ ಬಂದ ಮೇಲೆ ಆ ರಿಮ್ಮನ್ನು ಕೇಳಿ ಪಡೆದು ನಮ್ಮ ಕೇಂದ್ರಕ್ಕೆ ತಂದಳು. ಕಳೆದ ವರ್ಷ ನಿನ್ನ ಅಕ್ಷಯಾ ಬಂದಾಗ ಬಾರಿಸಿ ಫೋಟೋ ಹೊಡೆಸಿಕೊಂಡಳಲ್ಲ, ಅದೇ.

ನನಗೆ ಅರವತ್ತೇಳು. ಮುಂದಿನ ವರ್ಷ ಬಿಡುತ್ತೇನೆ. ಬಿಡುವ ಮೊದಲು ಈ ಊರಿನವಳೊಬ್ಬಳು ಆ ಕುರ್ಚಿಯಲ್ಲಿ ಕೂತಿರಬೇಕು. ನಿಮ್ಮಿಂದ ನನಗೆ ಬೇರೆ ಏನೂ ಬೇಡ.

ಗೌರಕ್ಕ

*

ಗೈದರ್ಸ್‌ಬರ್ಗ್
೨ ಫೆಬ್ರವರಿ ೨೦೨೪

ಪ್ರೀತಿಯ ಗೌರಕ್ಕ,

ಬನಿಯನ್ನಿನ ವಿಷಯ ಇನ್ನೂ ಎಷ್ಟು ಸಲ ಎತ್ತುತ್ತೀರಿ? ತಪ್ಪಾಯಿತು ಅಂತ ಆಗಲೇ ಹೇಳಿದ್ದೇವೆ.

ಅರ್ಜಿ ಓದಿದೆ. ಎರಡು ಸಲ ಓದಿದೆ. ಆ ಗಂಟೆಯ ವಾಕ್ಯ ತಲೆಯಿಂದ ಹೋಗುತ್ತಿಲ್ಲ. ಮಾರ್ಚ್ ಮೀಟಿಂಗಿನ ಅಜೆಂಡಾಕ್ಕೆ ಹಾಕಿದ್ದೇನೆ. ತ್ಯಾಗರಾಜ್ ಅವರು ಎಲ್ಲ ಪ್ರೊಸೆಸ್ ಪ್ರಕಾರ ಆಗಬೇಕು ಅನ್ನುತ್ತಾರೆ: ಮೊದಲು ಗವರ್ನೆನ್ಸ್ ಕಮಿಟಿ, ಆಮೇಲೆ ಇಂಟರ್‌ವ್ಯೂ, ಆಮೇಲೆ ವೋಟ್. ನಿಮಗೆ ಇದೆಲ್ಲ ಸುತ್ತುಬಳಸು ಅನ್ನಿಸುತ್ತದೆ, ಗೊತ್ತು. ಆದರೆ ಇಲ್ಲಿ ಮೇರಿಲ್ಯಾಂಡಿನಲ್ಲಿ ರಿಜಿಸ್ಟರ್ ಆದ ಸಂಸ್ಥೆ, ಕಾಗದ ಸರಿ ಇರಬೇಕು. ನನ್ನ ಕೈಲಾದದ್ದು ಮಾಡುತ್ತೇನೆ, ನಂಬಿ.

ಮನೆಯಲ್ಲಿ ಒಂದೇ ಗಲಾಟೆ. ಅಕ್ಷಯಾಗೆ ಈಗ ಜೂನಿಯರ್ ವರ್ಷ, ಕಾಲೇಜಿಗೆ ಅರ್ಜಿ ಹಾಕುವ ಮೊದಲಿನ ವರ್ಷ. ಇಲ್ಲಿ ಅದು ಮಗುವಿಗೆ ಮಾತ್ರ ಅಲ್ಲ, ಇಡೀ ಮನೆಗೆ ಪರೀಕ್ಷೆ. ಪಕ್ಕದ ಬೀದಿಯ ಚಿರಂತನ್ ಹದಿನಾರಕ್ಕೇ ಒಂದು ನಾನ್‌ಪ್ರಾಫಿಟ್ ಶುರು ಮಾಡಿ ಸಿಇಓ ಆಗಿದ್ದಾನೆ. ಅದು ಏನು ಮಾಡುತ್ತದೆ ಅಂತ ಅವರಮ್ಮನನ್ನು ಕೇಳಿದೆ. ‘ವೆಬ್‌ಸೈಟಲ್ಲಿ ಇದೆ ನೋಡಿ ಆಂಟಿ’ ಅಂತ ಅವನೇ ಒಳಗಿಂದ ಕೂಗಿದ. ನಮ್ಮದಕ್ಕೆ ಮಾತ್ರ ಯಾವುದರಲ್ಲೂ ಲೀಡರ್‌ಶಿಪ್ ಇಲ್ಲ ಅಂತ ಕೌನ್ಸೆಲರ್ ಹೇಳಿದಾಗಿನಿಂದ ನನಗೆ ನಿದ್ದೆ ಇಲ್ಲ.

ಮೊಣಕಾಲಿಗೆ ಎಣ್ಣೆ ಹಚ್ಚುತ್ತಿದ್ದೀರಾ?

ನಿಮ್ಮ ಗಂಗಾಂಬಿಕಾ

*

ಚೋಮಾ
೧೯ ಮೇ ೨೦೨೪

ಗಂಗಾ,

ಮಾರ್ಚ್ ಹೋಯಿತು. ಏಪ್ರಿಲ್ ಹೋಯಿತು. ಮೊಣಕಾಲಿನ ಬಗ್ಗೆ ಕೇಳಿದವಳು ಮುತಿಂತಾಳ ಬಗ್ಗೆ ಒಂದು ಅಕ್ಷರ ಬರೆದಿಲ್ಲ.

ಈ ವರ್ಷ ಇಲ್ಲಿ ಮಳೆ ಕೈಕೊಟ್ಟಿದೆ. ಅಣೆಕಟ್ಟಿನಲ್ಲಿ ನೀರಿಲ್ಲ, ಆದ್ದರಿಂದ ಕರೆಂಟೂ ಇಲ್ಲ. ದಿನಕ್ಕೆ ಐದು ಗಂಟೆ ಬಂದರೆ ಅದೇ ಹಬ್ಬ. ಈ ನಡುವೆ ಮಂಡಳಿಯಿಂದ ಬಂದದ್ದು ಏನು? ಪ್ರತಿ ಶುಕ್ರವಾರ ಪ್ರತಿ ಮಗುವಿನ ‘ಆತ್ಮವಿಶ್ವಾಸದ ಅಂಕ’ವನ್ನು ಒಂದರಿಂದ ಹತ್ತರಲ್ಲಿ ಆನ್‌ಲೈನ್ ತುಂಬಬೇಕಂತೆ. ನಾನು ಮೂವತ್ತಾರು ವರ್ಷ ಗಣಿತ ಕಲಿಸಿದವಳು. ಆತ್ಮವಿಶ್ವಾಸಕ್ಕೆ ಏಳು ಕೊಡಬೇಕೋ ಎಂಟು ಕೊಡಬೇಕೋ ತಿಳಿಯದೆ ಎಲ್ಲರಿಗೂ ಒಂಬತ್ತು ಹಾಕಿದ್ದೇನೆ. ‘ವಾವ್’ ಅಂತ ಪ್ರತಾಪನ ಉತ್ತರ ಬಂತು.

ಪಾಠ ಮುಗಿಸಿ ಬಂದು ಮುತಿಂತಾ ನಿನ್ನೆ ಕೇಳಿದಳು, ‘ಮೇಡಂ, ಅಮೆರಿಕದಿಂದ ಏನಾದರೂ ಸುದ್ದಿ?’ ಅಂತ. ಪ್ರೊಸೆಸ್‌ನಲ್ಲಿದೆ ಅಂದೆ. ನಿಮ್ಮ ಮಾತು ನನ್ನ ಬಾಯಲ್ಲಿ ಬಂತಲ್ಲ ಅಂತ ನನಗೇ ಹೇಸಿಗೆಯಾಯಿತು. ಈ ತಿಂಗಳು ಅವಳಿಗೆ ಇಪ್ಪತ್ತನಾಲ್ಕು ತುಂಬಿತು. ಇಂಟರ್‌ವ್ಯೂ ಯಾವಾಗ? ತಾರೀಕು ಹೇಳು. ಬೇರೆ ಏನೂ ಬರೆಯಬೇಡ.

ಗೌರಾಬಾಯಿ

*

ಗೈದರ್ಸ್‌ಬರ್ಗ್
೬ ಜೂನ್ ೨೦೨೪

ಗೌರಕ್ಕ,

ಕೋಪ ಮಾಡಿಕೊಳ್ಳದೆ ಓದಿ. ಮಾರ್ಚಿನಲ್ಲಿ ಚರ್ಚೆ ಆಯಿತು. ಕನೆಕ್ಟಿವಿಟಿ ಬಗ್ಗೆ ಕೆಲವರಿಗೆ ಆತಂಕ. ದಿನಕ್ಕೆ ಐದು ಗಂಟೆ ಕರೆಂಟು ಅಂತ ನೀವೇ ಬರೆದಿದ್ದೀರಿ. ಮೀಟಿಂಗಿನ ಮಧ್ಯೆ ಲೈನ್ ಕಟ್ಟಾದರೆ ಕೋರಂ ಏನಾಗಬೇಕು? ಅದಕ್ಕೆ ಮೊದಲ ಒಂದು ವರ್ಷ ಪೈಲಟ್ ಅಂತ ಇಲ್ಲಿಯ ಒಬ್ಬ ಸ್ಟೂಡೆಂಟನ್ನು ತೆಗೆದುಕೊಂಡಿದ್ದೇವೆ. ನಿಯಮದಲ್ಲಿ ವಯಸ್ಸು ಮಾತ್ರ ಇದೆ, ಊರು ಇಲ್ಲ. ಯಾವ ನಿಯಮವೂ ಮುರಿದಿಲ್ಲ. ಮುತಿಂತಾಳ ಫೈಲ್ ಮುಂದಿನ ಸೈಕಲ್‌ಗೆ ಮೊದಲನೆಯದಾಗಿ ಇಟ್ಟಿದ್ದೇನೆ.

ನಿಮಗೂ ರೆಸ್ಟ್ ಬೇಕು. ಸುಮ್ಮನೆ ಬಿಪಿ ಏರಿಸಿಕೊಳ್ಳಬೇಡಿ.

ಗಂಗಾ

*

ಚೋಮಾ
೧೮ ನವೆಂಬರ್ ೨೦೨೪

ಗಂಗಾಂಬಿಕಾ,

‘ಇಲ್ಲಿಯ ಒಬ್ಬ ಸ್ಟೂಡೆಂಟ್’. ಐದು ತಿಂಗಳಲ್ಲಿ ನಾಲ್ಕು ಸಲ ಫೋನಿನಲ್ಲಿ ಹೆಸರು ಕೇಳಿದೆ. ನಾಲ್ಕು ಸಲವೂ ನಿನಗೆ ಸರಿಯಾಗಿ ಕೇಳಿಸಲಿಲ್ಲ. ಈಗ ನನಗೆ ಗೊತ್ತಾಗಿದೆ.

ನಿಮ್ಮ ಕನ್ನಡ ಸಂಘದ ರಾಜ್ಯೋತ್ಸವ ಸಂಚಿಕೆಯ ಪುಟಗಳನ್ನು ನೀನು ಬಂಧುಗಳ ಗುಂಪಿಗೆ ಹಾಕಿದೆ. ನಾನು ಆ ಗುಂಪು ಬಿಟ್ಟು ಎರಡು ವರ್ಷವಾಯಿತು, ಆ ಧೈರ್ಯ ನಿನಗೆ. ವಿಜಯಪುರದ ಪ್ರತಿಭಾ ನನಗೆ ಕಳಿಸಿದಳು, ‘ನಮ್ಮ ಅಕ್ಷಯಾ ಎಷ್ಟ ಛಂದ ಬರದಾಳ ನೋಡ ಅಕ್ಕಾ’ ಅಂತ. ಪುಟ ನಲವತ್ತೊಂದು. ‘ಅಂತರರಾಷ್ಟ್ರೀಯ ಶಿಕ್ಷಣ ಸಂಸ್ಥೆಯ ಅತ್ಯಂತ ಕಿರಿಯ ಟ್ರಸ್ಟಿ, ನಮ್ಮ ಹೆಮ್ಮೆಯ ಅಕ್ಷಯಾ. ಈ ಪ್ರಬಂಧವನ್ನು ಅವಳು ಕಾಲೇಜು ಪ್ರವೇಶಕ್ಕಾಗಿ ಬರೆದದ್ದು.’ ಪಕ್ಕದಲ್ಲಿ ಫೋಟೋ, ರಿಮ್ ಬಾರಿಸುತ್ತಿರುವುದು. ತೋಳಿಲ್ಲದ ಬನಿಯನ್ನು.

ಹೆಸರು ನೋಡಿಯೇ ಮೈ ಉರಿಯಿತು. ಆದರೂ ತಡೆದುಕೊಂಡು ಓದಿದೆ. ಕಾರ್ಯದರ್ಶಿಯ ಮಗಳು, ಆಸೆ ಇರುತ್ತದೆ, ಹೋಗಲಿ ಅಂದುಕೊಂಡೆ. ಮೂರನೇ ಪ್ಯಾರಾ ಬಂತು. ‘ಆಫ್ರಿಕಾದ ಆ ಗಂಟೆಯನ್ನು ಬಾರಿಸಿದ ದಿನ ನನಗೆ ತಿಳಿಯಿತು: ಎಲ್ಲರನ್ನೂ ಒಳಗೆ ಕರೆಯುವವಳು ತಾನು ಹೊರಗೇ ಉಳಿಯಬಹುದು.’

ಎಲ್ಲಿ ಹೊರಗೆ ಉಳಿದಿದ್ದಳು ನಿನ್ನ ಮಗಳು? ಒಂಬತ್ತು ದಿನ ನಮ್ಮ ಮನೆಯ ಬಿಸಿನೀರೆಲ್ಲ ಅವಳ ಸ್ನಾನಕ್ಕೇ ಹೋಯಿತು. ಹಾಸಿಗೆಗೆ ಎರಡು ರಜಾಯಿ ಕೊಟ್ಟಿದ್ದೆ. ಮುತಿಂತಾ ಬೆಳಿಗ್ಗೆ ಆರಕ್ಕೆ ಬಂದು ಅವಳಿಗೆ ಮೊಟ್ಟೆ ಬೇಯಿಸಿ ಕೊಡುತ್ತಿದ್ದಳು. ಆ ಮೊಟ್ಟೆ ತಿಂದ ಬಾಯಲ್ಲಿ ಆ ವಾಕ್ಯ.

ಒಬ್ಬಳ ಕುರ್ಚಿ ತೆಗೆದುಕೊಂಡಿರಿ. ಅದು ಸಾಲದೆ ಅವಳ ಬದುಕನ್ನೂ ತೆಗೆದುಕೊಂಡಿರಿ. ಕಂಡವರ ಮಕ್ಕಳನ್ನು ಬಾವಿಗೆ ದೂಡಿ ಆಳ ನೋಡುವವರನ್ನು ಕೇಳಿದ್ದೇನೆ. ಆ ಆಳವನ್ನು ತಮ್ಮ ಮಕ್ಕಳ ಹೆಸರಿನಲ್ಲಿ ಬರೆದುಕೊಳ್ಳುವವರನ್ನು ಈಗ ನೋಡಿದೆ.

ನಿನ್ನ ಮಗಳು ಕಳ್ಳಿ. ಇದನ್ನು ಅವಳಿಗೆ ಓದಿ ಹೇಳು.

ಗೌರಾಬಾಯಿ

*

ಗೈದರ್ಸ್‌ಬರ್ಗ್
೨೩ ನವೆಂಬರ್ ೨೦೨೪

ಅಕ್ಕಾ,

ಹದಿನೇಳು ವರ್ಷದ ಹುಡುಗಿಗೆ ಬಳಸುವ ಮಾತಾ ಅದು? ಓದಿ ಹೇಳುವುದಿಲ್ಲ. ಅವಳಿಗೆ ನಿಮ್ಮ ಮೇಲೆ ಇನ್ನೂ ಪ್ರೀತಿ ಇದೆ, ಅದು ಇರಲಿ ಬಿಡಿ.

ನೀವು ಅಲ್ಲಿ ಕೂತು ನಮ್ಮನ್ನು ತೂಗುವುದು ಸುಲಭ. ಇಲ್ಲಿ ಹೇಗಿದೆ ಅಂತ ಒಂದು ದಿನವಾದರೂ ಕೇಳಿದ್ದೀರಾ? ನಮ್ಮ ಮಕ್ಕಳ ಹಣೆಬರಹ ಹೇಳುತ್ತೇನೆ. ಎಲ್ಲರಿಗೂ ಅದೇ ಮಾರ್ಕ್ಸು, ಅದೇ ವಯೊಲಿನ್, ಅದೇ ಭರತನಾಟ್ಯ, ಅದೇ ರೋಬೋಟಿಕ್ಸ್. ಅಪ್ಲಿಕೇಶನ್ ಓದುವವರಿಗೆ ಒಂದನ್ನು ಇನ್ನೊಂದರಿಂದ ಬೇರೆ ಮಾಡಲಾಗುವುದಿಲ್ಲ. ಅವರು ಕೇಳುವುದು ಒಂದೇ: ನೀನು ಏನು ಕಷ್ಟ ಗೆದ್ದೆ? ನಮ್ಮ ಮಕ್ಕಳಿಗೆ ಕಷ್ಟವೇ ಇಲ್ಲ, ಅಕ್ಕಾ. ಅವರಿಗೆ ಕಷ್ಟ ಬರಬಾರದು ಅಂತಲೇ ನಾವು ಇಪ್ಪತ್ತೆರಡು ವರ್ಷ ಸವೆದಿದ್ದೇವೆ. ಈಗ ಎಸ್ಸೇಗೆ ಬೇಕು ಅಂದರೆ ಎಲ್ಲಿಂದ ತರಲಿ? ಅಂಗಡಿಯಲ್ಲಿ ಸಿಗುತ್ತದಾ?

ಮಂಡಳಿಯಲ್ಲಿ ಯಾರ ಮಕ್ಕಳು ಹೀಗೆ ಮಾಡಿಲ್ಲ ಹೇಳಿ. ಪ್ರತಾಪನ ಮಗ ಚೋಮಾಕ್ಕೆ ‘ಡಿಜಿಟಲ್ ಲೈಬ್ರರಿ’ ಕಟ್ಟಿದ ಅಂತ ಹಾಕಿಕೊಂಡು ಒಳ್ಳೆಯ ಕಾಲೇಜಿಗೆ ಹೋದ. ಅದು ಮೂರು ಹಳೆ ಟ್ಯಾಬ್ಲೆಟ್ಟು, ಎರಡಕ್ಕೆ ಚಾರ್ಜರ್ ಇರಲಿಲ್ಲ. ಆಗ ನೀವೇ ಸರ್ಟಿಫಿಕೇಟಿಗೆ ಸೈನ್ ಹಾಕಿದ್ದೀರಿ. ಈಗ ನನ್ನ ಮಗಳ ಪಾಳಿ ಬಂದಾಗ ಮಾತ್ರ ಧರ್ಮ ನೆನಪಾಯಿತಾ?

ಒಂದು ವಾಕ್ಯ. ಬೆಲ್ ಬಾರಿಸಿದ ಯಾರಿಗಾದರೂ ಹಾಗೆ ಅನ್ನಿಸಬಹುದು.

ಗಂಗಾ

*

ಚೋಮಾ
೧ ಡಿಸೆಂಬರ್ ೨೦೨೪

ಗಂಗಾಂಬಿಕಾ,

ಸರ್ಟಿಫಿಕೇಟಿಗೆ ಸೈನ್ ಹಾಕಿದ್ದು ನಿಜ. ಆರು ಮಕ್ಕಳಿಗೆ ಹಾಕಿದ್ದೇನೆ. ಹಾಕದಿದ್ದರೆ ಪುಸ್ತಕ ಬರುತ್ತಿರಲಿಲ್ಲ. ನಾಚಿಕೆಯಾಗುತ್ತದೆ, ಆದರೆ ನನ್ನ ನಾಚಿಕೆಯನ್ನು ನೀನು ಹೊದಿಕೆ ಮಾಡಿಕೊಳ್ಳಬೇಡ.

‘ಯಾರಿಗಾದರೂ ಹಾಗೆ ಅನ್ನಿಸಬಹುದು.’ ಅನ್ನಿಸಲಿಲ್ಲ. ಅವಳು ಬಾರಿಸಿದ್ದನ್ನು ನಾನು ನಿಂತು ನೋಡಿದೆ. ಎರಡು ಏಟು ಹಾಕಿ ‘ಓ ಮೈ ಗಾಡ್, ಮೈ ಇಯರ್ಸ್’ ಅಂತ ಕಿವಿ ಮುಚ್ಚಿಕೊಂಡಳು. ಅವಳಿಗೆ ಅನ್ನಿಸಿದ್ದು ಅಷ್ಟು. ಅದನ್ನೇ ಬರೆದಿದ್ದರೆ ನಾನೇ ಮೆಚ್ಚಿ ಹತ್ತಕ್ಕೆ ಹತ್ತು ಕೊಡುತ್ತಿದ್ದೆ.

ಕಷ್ಟ ಎಲ್ಲಿಂದ ತರಲಿ ಅಂತ ಕೇಳಿದೆಯಲ್ಲ. ತರಬೇಡ. ಸುಖವಾಗಿ ಬೆಳೆದಿದ್ದೇನೆ ಅಂತ ಬರೆಯಲಿ, ಅದೇನು ಅಪರಾಧವೇ?

ಕೇಳು. ಜನವರಿ ಹದಿನೈದರ ಒಳಗೆ ಅಕ್ಷಯಾ ಕುರ್ಚಿ ಬಿಡಬೇಕು, ಮುತಿಂತಾ ಕೂರಬೇಕು. ಇಲ್ಲದಿದ್ದರೆ ಎರಡೂ ಬರಹ, ಮುತಿಂತಾಳ ಅರ್ಜಿ ಮತ್ತು ನಿನ್ನ ಮಗಳ ಪ್ರಬಂಧ, ಅಕ್ಕಪಕ್ಕ ಇಟ್ಟು ನಾನು ಆ ಕಾಲೇಜುಗಳಿಗೆ ಕಳಿಸುತ್ತೇನೆ. ಕಾಲೇಜುಗಳ ಹೆಸರು ಪ್ರತಿಭಾ ಆಗಲೇ ಹೇಳಿದ್ದಾಳೆ. ನೀನೇ ಬಂಧುಗಳಿಗೆಲ್ಲ ಸಾರಿಕೊಂಡು ಬಂದಿದ್ದೀಯ.

ಗೌರಾಬಾಯಿ

*

ಗೈದರ್ಸ್‌ಬರ್ಗ್
೫ ಜನವರಿ ೨೦೨೫

ಅಕ್ಕಾ,

ಒಂದು ತಿಂಗಳು ಉತ್ತರ ಬರೆಯಲಿಲ್ಲ. ಬರೆಯಲು ಕೂತು ಐದು ಸಲ ಅಳಿಸಿದೆ.

ಕಾಲೇಜುಗಳಿಗೆ ಬರೆಯಬೇಡಿ. ಅವಳು ಕದ್ದಿಲ್ಲ. ನಾನು ಕದ್ದೆ.

ಅವಳು ಬರೆದದ್ದು ನೀವು ಹೇಳಿದ ಹಾಗೇ ಇತ್ತು, ಕಿವಿ ಮುಚ್ಚಿಕೊಂಡದ್ದು, ಎಲ್ಲರೂ ನಕ್ಕದ್ದು. ಅದನ್ನು ಓದಿ ಕೌನ್ಸೆಲರ್ ‘ಸ್ವೀಟ್, ಬಟ್ ಸೋ ವಾಟ್?’ ಅಂದರಂತೆ. ಮಗು ಬಂದು ಬಾತ್‌ರೂಮಿನ ಬಾಗಿಲು ಹಾಕಿಕೊಂಡು ಅತ್ತಿತು. ನಾನು ‘ಕೊಡು, ನಾನು ಸ್ವಲ್ಪ ಪಾಲಿಶ್ ಮಾಡ್ತೀನಿ’ ಅಂದೆ. ಆ ವಾಕ್ಯ ನನ್ನ ತಲೆಯಲ್ಲೇ ಇತ್ತಲ್ಲ. ಕೈ ತಾನೇ ಟೈಪ್ ಮಾಡಿತು. ಅವಳು ಓದಿ ಬಂದು ನನ್ನ ಕೊರಳು ತಬ್ಬಿಕೊಂಡಳು. ‘ಅಮ್ಮಾ, ಯೂ ಆರ್ ಆಕ್ಚುಲಿ ಎ ರೈಟರ್’ ಅಂದಳು. ಇಪ್ಪತ್ತೆರಡು ವರ್ಷದಲ್ಲಿ ಈ ದೇಶದಲ್ಲಿ ನನಗೆ ಯಾರೂ ಹಾಗೆ ಅಂದಿರಲಿಲ್ಲ. ಆ ವಾಕ್ಯ ನನ್ನದಲ್ಲ ಅಂತ ನಾನು ಹೇಳಲಿಲ್ಲ. ಮುತಿಂತಾಳ ಅರ್ಜಿಯನ್ನು ಅವಳು ನೋಡಿಯೇ ಇಲ್ಲ. ಆ ಕುರ್ಚಿಗೆ ಬೇರೆ ಅರ್ಜಿ ಇತ್ತು ಅನ್ನುವುದೂ ಅವಳಿಗೆ ಗೊತ್ತಿಲ್ಲ. ಮಾರ್ಚಿನಲ್ಲಿ ತ್ಯಾಗರಾಜ್ ‘ನಮ್ಮ ಅಕ್ಷಯಾನೇ ಇದಾಳಲ್ರೀ, ಯಾಕೆ ದೂರ ಹೋಗ್ಬೇಕು’ ಅಂದಾಗ ನಾನು ಆ ಅರ್ಜಿಯನ್ನು ಹೊರಗೆ ತೆಗೆಯಲೇ ಇಲ್ಲ. ಕನೆಕ್ಟಿವಿಟಿಯ ಚರ್ಚೆ ಎಲ್ಲ ಸುಳ್ಳು. ಚರ್ಚೆಯೇ ಆಗಲಿಲ್ಲ.

ನನ್ನನ್ನು ಏನು ಬೇಕಾದರೂ ಅನ್ನಿ. ಆದರೆ ಒಂದು ದಾರಿ ಇದೆ. ಕಾಲೇಜುಗಳ ರಿಸಲ್ಟ್ ಮಾರ್ಚ್ ಕೊನೆಗೆ ಬರುತ್ತದೆ. ಏಪ್ರಿಲ್ ಒಂದಕ್ಕೆ ಅಕ್ಷಯಾ ರಾಜೀನಾಮೆ ಕೊಡುತ್ತಾಳೆ, ಅವತ್ತೇ ಮುತಿಂತಾಳನ್ನು ಕೂರಿಸುತ್ತೇನೆ. ಬರೆದು ಕೊಡುತ್ತೇನೆ. ಮೂರು ತಿಂಗಳು ಅಷ್ಟೇ. ಯಾರಿಗೂ ನಷ್ಟವಿಲ್ಲ.

ಗಂಗಾ

*

ಚೋಮಾ
೮ ಜನವರಿ ೨೦೨೫

ಗಂಗಾ,

ಮೂರು ದಿನ ನಿನ್ನ ಪತ್ರ ಇಟ್ಟುಕೊಂಡು ಓಡಾಡಿದೆ. ಆ ಮಗುವನ್ನು ಕಳ್ಳಿ ಅಂದೆ. ನನ್ನ ನಾಲಿಗೆಗೆ ಬರೆ ಹಾಕಬೇಕು. ಅಷ್ಟು ನನ್ನ ತಪ್ಪು.

ಈಗ ಲೆಕ್ಕ ಮಾಡು. ನಿಯಮದ ಪ್ರಕಾರ ಇಪ್ಪತ್ತನಾಲ್ಕರವರೆಗೆ. ಮುತಿಂತಾಳಿಗೆ ಮೇ ಹನ್ನೊಂದಕ್ಕೆ ಇಪ್ಪತ್ತೈದು ತುಂಬುತ್ತದೆ. ಏಪ್ರಿಲ್ ಒಂದರಿಂದ ಮೇ ಹತ್ತು: ನಲವತ್ತು ದಿನ. ನಿಮ್ಮ ಮಂಡಳಿ ಸೇರುವುದು ಮೂರು ತಿಂಗಳಿಗೊಮ್ಮೆ. ಅವಳು ಒಂದು ಸಭೆಗೂ ಬಾರದೆ ಕುರ್ಚಿಯಿಂದ ಇಳಿಯುತ್ತಾಳೆ. ಅವಳ ಹುಟ್ಟಿದ ದಿನ ಅರ್ಜಿಯ ಮೊದಲ ಸಾಲಿನಲ್ಲೇ ಇದೆ, ಎರಡು ಸಲ ಓದಿದವಳು ನೀನು. ಹಾವೂ ಸಾಯದ ಹಾಗೆ ಕೋಲೂ ಮುರಿಯದ ಹಾಗೆ ಚೆನ್ನಾಗಿ ಹೊಂದಿಸಿದ್ದೀಯ. ಇದನ್ನು ಗೊತ್ತಿದ್ದು ಮಾಡಿದೆಯೋ ಗೊತ್ತಿಲ್ಲದೆ ಮಾಡಿದೆಯೋ ನನಗೆ ಬೇಡ. ಎರಡೂ ಒಂದೇ.

ಒಪ್ಪುವುದಿಲ್ಲ. ಕಾಲೇಜುಗಳಿಗೆ ನಾನು ಬರೆಯುವುದಿಲ್ಲ, ಆ ಮಗುವಿನ ಮುಖ ನೋಡಿ. ಮಂಡಳಿಗೆ ನೀನೇ ಹೇಳಬೇಕು, ನೀನು ಮಾಡಿದ್ದನ್ನು ಮಾಡಿದ ಹಾಗೆ. ಹೇಳುವವರೆಗೆ ಆ ಆತ್ಮವಿಶ್ವಾಸದ ಅಂಕವೂ ಇಲ್ಲ, ವರದಿಯೂ ಇಲ್ಲ.

ಗೌರಾಬಾಯಿ

*

ಗೈದರ್ಸ್‌ಬರ್ಗ್
೯ ಮಾರ್ಚ್ ೨೦೨೫

ಅಕ್ಕಾ,

ನೀವು ಗೆದ್ದಿರಿ. ಏನು ಗೆದ್ದಿರಿ ಅಂತ ಕೇಳಿ.

ನಾನು ಹೇಳಲಿಲ್ಲ. ಹೇಳಬೇಕು ಅಂತ ಫೆಬ್ರವರಿಯೆಲ್ಲ ಅಂದುಕೊಳ್ಳುತ್ತಲೇ ಇದ್ದೆ. ನಾನು ಜನವರಿಯಲ್ಲಿ ನಿಮಗೆ ಬರೆದದ್ದನ್ನು ಲ್ಯಾಪ್‌ಟಾಪಿನಲ್ಲಿ ತೆರೆದಿಟ್ಟು ಒಲೆ ಆರಿಸಲು ಹೋದೆ. ಹಿಂತಿರುಗಿದರೆ ಅಕ್ಷಯಾ ಕೂತು ಬೆರಳಿಟ್ಟು ಓದುತ್ತಿದ್ದಳು. ಭಾನುವಾರದ ಕನ್ನಡ ಶಾಲೆಗೆ ಏಳು ವರ್ಷ ಅಳುತ್ತಾ ಹೋಗಿದ್ದಳಲ್ಲ, ಒಂದೊಂದೇ ಅಕ್ಷರ ಕೂಡಿಸಿ ಓದುತ್ತಾಳೆ. ‘ಅಮ್ಮಾ, ಈ ವರ್ಡ್ ಏನು? ಕದ್ದೆ? ದಟ್ಸ್ ಸ್ಟೋಲ್, ರೈಟ್?’ ಅಂದಳು. ನಾನು ಲ್ಯಾಪ್‌ಟಾಪ್ ಮುಚ್ಚಲು ಕೈ ಹಾಕಿದೆ. ಅವಳು ನನ್ನ ಕೈ ಹಿಡಿದು ಪಕ್ಕಕ್ಕಿಟ್ಟಳು. ಪೂರ್ತಿ ಓದಿ ಮುಗಿಸಲು ಅರ್ಧ ಗಂಟೆ ಹಿಡಿಯಿತು. ನಾನು ಎದುರಿಗೇ ನಿಂತಿದ್ದೆ.

ಮರುದಿನ ಅಪ್ಲಿಕೇಶನ್‌ಗಳನ್ನೆಲ್ಲ ವಾಪಸ್ ತೆಗೆದುಕೊಂಡಳು. ಒಂಬತ್ತೂ. ಮುಂದಿನ ವರ್ಷ ಇಲ್ಲೇ ಊರಿನ, ಬಂದವರನ್ನೆಲ್ಲ ಸೇರಿಸಿಕೊಳ್ಳುವ ಕಮ್ಯುನಿಟಿ ಕಾಲೇಜಿಗೆ ಹೋಗುತ್ತಾಳಂತೆ. ಮೂರು ವಾರದಿಂದ ನನ್ನ ಜೊತೆ ಇಂಗ್ಲಿಷಿನಲ್ಲಿ ಮಾತ್ರ ಮಾತಾಡುತ್ತಾಳೆ, ಅದೂ ಬೇಕಾದಷ್ಟೇ.

ಕಳೆದ ಶನಿವಾರ ಶಾರ್ಲೆಟ್ಟಿನಲ್ಲಿ ಮಂಡಳಿಯ ರಿಟ್ರೀಟ್, ಎಲ್ಲರೂ ಎದುರಾಬದುರು ಸೇರುವ ಸಭೆ. ಶ್ರೀಲತಾ ಮನೆಯ ಬೇಸ್‌ಮೆಂಟು, ಬಿಸಿಬೇಳೆಬಾತು, ಸ್ಲೈಡ್ ಶೋ. ಡ್ರೈವ್ ಮಾಡಿದ ಏಳು ಗಂಟೆಯೂ ಅಕ್ಷಯಾ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು. ಅವಳ ಪಾಳಿ ಬಂದಾಗ ಎದ್ದು ನಿಂತು, ‘ಈ ಸೀಟಿಗೆ ಮುತಿಂತಾ ಅಪ್ಲೈ ಮಾಡಿದ್ರು. ನಿಮ್ಗೆ ಯಾರಿಗೂ ತೋರಿಸ್ಲಿಲ್ಲ. ಐ ಆಮ್ ರಿಸೈನಿಂಗ್. ಪ್ಲೀಸ್ ಗಿವ್ ಇಟ್ ಟು ಹರ್’ ಅಂದಳು. ನಾನು ಎದ್ದು ಉಳಿದದ್ದನ್ನು ಹೇಳಿದೆ. ವಾಕ್ಯದ ವಿಷಯವನ್ನೂ ಹೇಳಿದೆ.

 ತ್ಯಾಗರಾಜ್ ‘ಮಗು ಎಮೋಷನಲ್ ಆಗಿದೆ, ಎಲ್ಲರೂ ಟೀ ತಗೊಳ್ಳೋಣ’ ಅಂದರು. ಟೀ ಆಯಿತು. ಟೀ ಆದ ಮೇಲೆ ಪ್ರತಾಪ್ ಎದ್ದು, ಯುವ ಸದಸ್ಯರ ಸೀಟಿನಿಂದ ಸಂಸ್ಥೆಗೆ ರಿಸ್ಕ್ ಜಾಸ್ತಿ, ಆ ನಿಯಮವನ್ನೇ ತೆಗೆಯೋಣ ಅಂದ. ನಾನು ಮುತಿಂತಾಳ ಅರ್ಜಿಯ ಏಳು ಪ್ರತಿ ಮಾಡಿಸಿಕೊಂಡು ಹೋಗಿದ್ದೆ, ಹಂಚಿದೆ. ಶ್ರೀಲತಾ ಅದರ ಮೇಲೆ ಟೀ ಲೋಟ ಇಟ್ಟಳು. ಆರು ಜನ ತೆಗೆಯಬೇಕು ಅಂತ, ನಾನೊಬ್ಬಳು ಬೇಡ ಅಂತ. ಹನ್ನೆರಡು ವರ್ಷದಲ್ಲಿ ಮಂಡಳಿಯಲ್ಲಿ ಬಿದ್ದ ಮೊದಲ ‘ಬೇಡ’ ಅದು. ಮಿನಿಟ್ಸ್‌ನಲ್ಲಿ ಅದನ್ನು ಬರೆಯುವುದು ಬೇಡ, ಒಮ್ಮತ ಅಂತ ಹಾಕಿ ಅಂದರು. ನಾನು ಆರೂ ಹೆಸರು ಬರೆದೆ. ಈಗ ನನ್ನನ್ನು ಕಾರ್ಯದರ್ಶಿ ಸ್ಥಾನದಿಂದ ತೆಗೆಯುವ ಮಾತು ನಡೆದಿದೆ. ತೆಗೆಯಲಿ. ಮಿನಿಟ್ಸ್ ಇದರ ಜೊತೆ ಇದೆ, ಮುತಿಂತಾಳಿಗೆ ಕೊಡಿ.

ನಿಮ್ಮ ಮೇಲೆ ನನಗೆ ಕೋಪ ಹೋಗಿಲ್ಲ. ಆ ಆರು ಜನರ ಮೇಲೆ ಎಷ್ಟಿದೆಯೋ ಅಷ್ಟೇ ನಿಮ್ಮ ಮೇಲೂ ಇದೆ. ನನ್ನ ಮೇಲೆ ಅದಕ್ಕಿಂತ ಜಾಸ್ತಿ ಇದೆ. ಕುರ್ಚಿಯೂ ಇಲ್ಲ, ಕಾಲೇಜೂ ಇಲ್ಲ, ಮಗಳೂ ಇಲ್ಲ. ಮುತಿಂತಾಳಿಗೆ ಇದೆಲ್ಲ ಕೇಳಿ ಎಷ್ಟು ನೋವಾಗಿದೆಯೋ. ನನ್ನ ಪರವಾಗಿ ಕ್ಷಮೆ ಕೇಳಿ ಅನ್ನಲು ಬಾಯಿ ಬರುತ್ತಿಲ್ಲ.

ಗಂಗಾ

*

ಚೋಮಾ
೩೦ ಮಾರ್ಚ್ ೨೦೨೫

ಗಂಗಾ,

ನಿನ್ನ ಪತ್ರ ಬಂದ ಮೇಲೆ ಹತ್ತು ದಿನ ನಾನು ಮುತಿಂತಾಳ ಮುಖ ತಪ್ಪಿಸಿ ಓಡಾಡಿದೆ. ಯಾಕೆ ಅಂತ ನಿನಗೆ ಹೇಳಬೇಕು.

ಅವಳಿಗೆ ಇದಾವುದೂ ಗೊತ್ತಿರಲಿಲ್ಲ. ಕುರ್ಚಿಯಲ್ಲಿ ಬೇರೆಯವರು ಕೂತದ್ದೂ, ಪ್ರಬಂಧವೂ, ನಾನು ನಿನ್ನನ್ನು ಹೆದರಿಸಿದ್ದೂ, ಯಾವುದೂ. ಎರಡು ತಿಂಗಳಿಗೊಮ್ಮೆ ಬಂದು ಕೇಳುತ್ತಿದ್ದಳು. ಪ್ರತಿ ಸಲವೂ ಪ್ರೊಸೆಸ್‌ನಲ್ಲಿದೆ ಅನ್ನುತ್ತಿದ್ದೆ. ಕೇಳಿದರೆ ನೊಂದುಕೊಳ್ಳುತ್ತಾಳೆ, ಪರೀಕ್ಷೆ ಹತ್ತಿರ ಇದೆ, ಮೊದಲು ನಾನು ಗೆದ್ದು ಆಮೇಲೆ ಹೇಳೋಣ ಅಂತ ನನ್ನ ಲೆಕ್ಕ. ನಲವತ್ತೊಂದು ಜನರ ತರಗತಿ ನಡೆಸುವ ಹೆಂಗಸು ಅವಳು. ನಾನು ಮಾತ್ರ ನನ್ನ ಮನಸ್ಸಿನಲ್ಲಿ ಅವಳನ್ನು ಬಾಗಿಲ ಹತ್ತಿರ ಕೂತ ಮಗುವಾಗಿಯೇ ಇಟ್ಟುಕೊಂಡಿದ್ದೆ.

ಕಳೆದ ವಾರ ಕರೆದು ಕೂರಿಸಿ ಹೇಳಿದೆ. ಪತ್ರಗಳನ್ನು ತೋರಿಸಿ ಅಂದಳು. ಕನ್ನಡದಲ್ಲಿವೆ ಅಂದೆ. ‘ಹಾಗಾದರೆ ಓದಿ ಹೇಳಿ’ ಅಂದಳು. ಮೂರು ಮಧ್ಯಾಹ್ನ ಜಗುಲಿಯಲ್ಲಿ ಕೂತು ಒಂದೊಂದನ್ನೇ ಇಂಗ್ಲಿಷ್ ಮಾಡಿ ಹೇಳಿದೆ. ನನ್ನ ಬೈಗುಳ ಬಂದ ಕಡೆ ಮೆತ್ತಗೆ ಮಾಡಿ ದಾಟಿಸಲು ನೋಡಿದೆ. ‘ಇದ್ದದ್ದು ಇದ್ದ ಹಾಗೆ ಹೇಳಿ ಮೇಡಂ’ ಅಂದಳು. ಪ್ರತಿ ಪತ್ರದ ತಾರೀಕನ್ನು ನೋಟ್ ಪುಸ್ತಕದಲ್ಲಿ ಬರೆದುಕೊಂಡಳು. ಅಕ್ಷಯಾ ರಾಜೀನಾಮೆ ಕೊಟ್ಟದ್ದನ್ನು ಕೇಳಿದಾಗ ‘ಅವಳ ಈಮೇಲ್ ಕೊಡಿ’ ಅಂದಳು, ಕೊಟ್ಟೆ. ಟೀ ಲೋಟದ ವಿಷಯ ಬಂದಾಗ ಆ ತಾರೀಕಿನ ಕೆಳಗೆ ಒಂದು ಗೆರೆ ಎಳೆದಳು.

ಎಲ್ಲ ಮುಗಿದ ಮೇಲೆ ತಾರೀಕುಗಳನ್ನು ಮೇಲಿಂದ ಕೆಳಗೆ ನೋಡಿ ಕೇಳಿದಳು: ‘ಹದಿನಾಲ್ಕು ತಿಂಗಳು ಮೇಡಂ. ಹತ್ತು ಪತ್ರ. ಇದರಲ್ಲಿ ನನ್ನನ್ನು ಕೇಳಿ ಬರೆದದ್ದು ಯಾವುದು?’

ನಾನು ಪುಟ ತಿರುವಿ ಹುಡುಕಿದೆ. ಯಾವುದೂ ಇರಲಿಲ್ಲ. ‘ನಿನ್ನ ಒಳ್ಳೆಯದಕ್ಕೇ’ ಅಂದೆ. ‘ಅವರೂ ಹಾಗೇ ಅನ್ನುತ್ತಾರೆ’ ಅಂದಳು. ಗಂಗಾ, ಅವಳು ದನಿ ಏರಿಸಲಿಲ್ಲ. ಏರಿಸಿದ್ದರೆ ನನಗೆ ಜಗಳ ಮಾಡಲು ಬರುತ್ತಿತ್ತು.

ಮರುದಿನ ಮಂಡಳಿಯ ಏಳೂ ಜನರ ವಿಳಾಸ ಕೇಳಿದಳು. ಅವಳೇ ಬರೆದಿದ್ದಾಳೆ, ಅವಳ ಹೆಸರಿನಲ್ಲಿ, ಶುಕ್ರವಾರ ಕಳಿಸಿದಳು. ಒಂದು ಸಲ ನಾನು ನೋಡಲಾ, ಏನಾದರೂ ತಿದ್ದಬೇಕಾದರೆ, ಅಂದೆ. ‘ಅದು ನಿಮಗಲ್ಲ ಮೇಡಂ’ ಅಂದಳು.

ನಿನಗೆ ಬಂದಿರಬೇಕು. ಉತ್ತರ ಬರೆಯುವುದಾದರೆ ಅವಳಿಗೇ ಬರೆ. ಅದರಲ್ಲಿ ನನ್ನ ಬಗ್ಗೆ ಏನು ಬರೆದಿದ್ದಾಳೆ ಅಂತ ನನಗೆ ತಿಳಿಸಬೇಡ.

ಗೌರಕ್ಕ